ಸಿಆರ್‌ಪಿ ಭಯದಲ್ಲಿ ನಿಂತುಹೋದ ಮಾತ್ರೆ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಐವತ್ತು ದಾಟಿದ, ಹಲವು ವರ್ಷಗಳಿಂದ ಟೈಪ್ 2 ಮಧುಮೇಹವಿರುವ ಕಿರಾಣಿ ವ್ಯಾಪಾರಿಯೊಬ್ಬರು ಪತ್ನಿಯೊಂದಿಗೆ ಸಲಹೆಗೆ ಬಂದಿದ್ದರು. ಹೆಲ್ತ್ ಚೆಕಪ್ ವರದಿಯಲ್ಲಿ ಎಚ್‌ಎಸ್-ಸಿಆರ್‌ಪಿ (ದೇಹದಲ್ಲಿನ ಉರಿಯೂತವನ್ನು ಸೂಚಿಸುವ ಸಿಆರ್‌ಪಿ ಎಂಬ ಪ್ರೋಟೀನನ್ನು ಅಳೆಯುವ ಸೂಕ್ಷ್ಮ ರಕ್ತಪರೀಕ್ಷೆ) ಲೀಟರಿಗೆ 12 ಮಿಲಿಗ್ರಾಂ ಎಂದು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ ಅವರು ಬಾಲ್‌ಪೆನ್ನಿನಿಂದ ಎರಡು ಗೆರೆ ಎಳೆದಿದ್ದರು. 3ಕ್ಕಿಂತ ಹೆಚ್ಚಿದ್ದರೆ ಹೃದ್ರೋಗದ ಅಪಾಯ ಹೆಚ್ಚು ಎಂದು ಪಕ್ಕದಲ್ಲೇ ಅಚ್ಚಾಗಿತ್ತು. “ಇದನ್ನು ಓದಿದಾಗಿನಿಂದ ಇವರಿಗೆ ರಾತ್ರಿ ನಿದ್ದೆಯೇ ಇಲ್ಲ ಮೇಡಂ,” ಎಂದರು ಪತ್ನಿ. ಯಾರದೋ ಮಾತು ಕೇಳಿ ಅರಿಸಿನದ ಕ್ಯಾಪ್ಸೂಲ್ ಶುರುಮಾಡಿ, ಕೊಲೆಸ್ಟರಾಲ್ ಇಳಿಸಲು ವೈದ್ಯರು ಬರೆದುಕೊಟ್ಟಿದ್ದ ಸ್ಟ್ಯಾಟಿನ್ ಮಾತ್ರೆಯನ್ನು ಅವರು ನಿಲ್ಲಿಸಿದ್ದರು. ನನಗೆ ಹೆಚ್ಚು ಆತಂಕವಾದದ್ದು ಇದನ್ನು ಕೇಳಿ.

ಹೊಟ್ಟೆಯೊಳಗೆ ಶೇಖರವಾದ ಕೊಬ್ಬು ಇಂಟರ್‌ಲ್ಯೂಕಿನ್-6 ಮುಂತಾದ, ಉರಿಯೂತ ಹೆಚ್ಚಿಸುವ ವಸ್ತುಗಳನ್ನು ರಕ್ತಕ್ಕೆ ಬಿಡುತ್ತದೆ, ಅದಕ್ಕೆ ಪ್ರತಿಯಾಗಿ ಯಕೃತ್ತು ಸಿಆರ್‌ಪಿ ತಯಾರಿಸುತ್ತದೆ. ಹಾಗಾಗಿ ಮಧುಮೇಹಿಗಳಲ್ಲಿ ಇದು ತುಸು ಏರಿರುವುದು ಅಪರೂಪವಲ್ಲ, ಬಹುಕಾಲ ಏರಿಯೇ ಉಳಿದವರಿಗೆ ಹೃದಯಾಘಾತದ ಅಪಾಯ ಹೆಚ್ಚೆಂಬುದೂ ನಿಜ. ಆದರೆ ಜ್ವರ, ಮೂತ್ರದ ಸೋಂಕು, ಕಾಲಿನ ಹುಣ್ಣು, ವಸಡಿನ ರೋಗ ಯಾವುದಿದ್ದರೂ ಅದು ಏರುತ್ತದೆ, 10 ದಾಟಿದಾಗ ಮೊದಲು ಹುಡುಕಬೇಕಾದದ್ದು ಇಂಥ ಕಾರಣಗಳನ್ನೇ. ವಿಚಾರಿಸಿದಾಗ, ರಕ್ತ ಕೊಡುವ ಹಿಂದಿನ ವಾರ ಜ್ವರ ಬಂದಿತ್ತೆಂದೂ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುವುದು ತಿಂಗಳುಗಳಿಂದ ನಡೆದಿದೆಯೆಂದೂ ತಿಳಿಯಿತು.

ಉರಿಯೂತವನ್ನೇ ಇಳಿಸುವ ಔಷಧವಿಲ್ಲವೇ ಎಂದು ಅವರು ಕೇಳಿದರು. 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಅಧ್ಯಯನದಲ್ಲಿ ಕನಕಿನುಮ್ಯಾಬ್ ಎಂಬ ಚುಚ್ಚುಮದ್ದು ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲನ್ನು ಇಳಿಸದೆಯೇ ಹೃದಯಾಘಾತಗಳನ್ನು ಕಡಿಮೆ ಮಾಡಿತು, ಆದರೆ ಪ್ರಾಣಾಂತಿಕ ಸೋಂಕುಗಳು ಹೆಚ್ಚಿದವು ಎಂದು ವಿವರಿಸಿದೆ. ಅವರು ನಿಲ್ಲಿಸಿದ್ದ ಸ್ಟ್ಯಾಟಿನ್ ಎಲ್‌ಡಿಎಲ್ ಜೊತೆಗೆ ಸಿಆರ್‌ಪಿಯನ್ನೂ ಇಳಿಸುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಅಂದೇ ವೈದ್ಯರನ್ನು ಕಂಡು ಮಾತ್ರೆ ನಿಲ್ಲಿಸಿದ್ದನ್ನೂ ಕ್ಯಾಪ್ಸೂಲ್ ವಿಷಯವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ದಂತವೈದ್ಯರಿಗೆ ವಸಡು ತೋರಿಸಬೇಕು. ಸೋಂಕು ಪೂರ್ತಿ ಅಡಗಿ ಕನಿಷ್ಠ ಎರಡು ವಾರವಾದ ಮೇಲೆ, ವೈದ್ಯರು ಬೇಕೆಂದರೆ ಮಾತ್ರ ಸಿಆರ್‌ಪಿ ಮತ್ತೆ ನೋಡಿಸಬೇಕು. ಅದೇ ವರದಿಯಲ್ಲಿ ಅವರು ಗಮನಿಸದೆ ಬಿಟ್ಟ ರಕ್ತದೊತ್ತಡ 152/94 ಇತ್ತು. ಸಾಮಾನ್ಯವಾಗಿ 130/80ಕ್ಕಿಂತ ಕೆಳಗೆ ತರುವ ಗುರಿಯಿರುತ್ತದೆ, ಅದಕ್ಕೆ ಚಿಕಿತ್ಸೆಯೂ ಕೈಗೆಟಕುವಂತಿದೆ. ಮೂತ್ರಪಿಂಡದ ಹಾನಿಯನ್ನು ತಿಳಿಸುವ ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನು ಅವರು ಒಮ್ಮೆಯೂ ಮಾಡಿಸಿರಲಿಲ್ಲವಾದ್ದರಿಂದ ಅದನ್ನೂ ವೈದ್ಯರಲ್ಲಿ ಕೇಳಲು ಚೀಟಿಯಲ್ಲಿ ಬರೆದುಕೊಟ್ಟೆ. ಮಧುಮೇಹಿಗಳಲ್ಲಿ ಹೃದಯಾಘಾತದ ನೋವು ಕೆಲವೊಮ್ಮೆ ಅಷ್ಟಾಗಿ ತಿಳಿಯದ ಕಾರಣ, ಏಕಾಏಕಿ ಏದುಸಿರು, ತಣ್ಣನೆಯ ಬೆವರು, ಎದೆ ಬಿಗಿತ ಕಂಡರೆ ಗ್ಯಾಸ್ ಎಂದುಕೊಂಡು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯುವಂತೆ ಪತ್ನಿಗೆ ಪ್ರತ್ಯೇಕವಾಗಿ ಹೇಳಿದೆ.