ಟ್ರೆಕ್ಕಿಂಗ್ ಅಡುಗೆಗೆ ಯಾವ ಹಾಲಿನ ಪುಡಿ ಒಯ್ಯಬೇಕು, ಕೆಡದಂತೆ ಹೇಗೆ ಇಡಬೇಕು?

ಮೊದಲು ಪ್ಯಾಕೆಟ್ಟಿನ ಹಿಂಬದಿ ಓದಿ. ಸುಮ್ನೆ ಹಾಲಿನ ಪುಡಿ ಅಂತ ಕೇಳಿದರೆ ಅಂಗಡಿಯಲ್ಲಿ ಹೆಚ್ಚಾಗಿ ಡೈರಿ ವೈಟ್ನರ್ ಕೊಡುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಸಕ್ಕರೆ ಬೆರೆತಿರುತ್ತದೆ. ಟೀಗೆ ಸರಿ, ಸೂಪಿಗೆ ಆಗಲ್ಲ. ನಿಮಗೆ ಬೇಕಿರುವುದು ಹೋಲ್ ಮಿಲ್ಕ್ ಪೌಡರ್, ಅಂದರೆ ಕೆನೆ ತೆಗೆಯದ ಹಾಲಿನ ಪುಡಿ. ಅದರಲ್ಲಿ ಕೊಬ್ಬು ಕನಿಷ್ಠ ಶೇ. 26 ಇರಬೇಕು. 100 ಗ್ರಾಂಗೆ ಸುಮಾರು 500 ಕ್ಯಾಲೊರಿ ಸಿಗುತ್ತದೆ, ಕೆನೆ ತೆಗೆದ ಪುಡಿಯಲ್ಲಿ 360ರ ಆಸುಪಾಸು. ಬೆನ್ನ ಮೇಲೆ ಹೊತ್ತು ನಡೆಯುವವರಿಗೆ ಇದು ದೊಡ್ಡ ವ್ಯತ್ಯಾಸ ಅಲ್ವಾ?

ಆದರೆ ಆ ಕೊಬ್ಬಿನಿಂದಲೇ ಪುಡಿ ಬೇಗ ಕಮಟಾಗುತ್ತದೆ. ಚಿಕ್ಕ ಪ್ಯಾಕ್ ಕೊಳ್ಳಿ. ಒಡೆದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಹೊರಡುವ ಮುಂಚೆ ಒಂದೊಂದು ಹೊತ್ತಿಗೆ ಬೇಕಾದಷ್ಟನ್ನು ಬೇರೆ ಬೇರೆ ಜಿಪ್ ಕವರಿಗೆ ತುಂಬಿ. ಮಲೆನಾಡಿನ ಮಳೆಗಾಲದಲ್ಲಿ ತೆರೆದಿಟ್ಟ ಪುಡಿ ಬಹಳ ಬೇಗ ಗಂಟು ಕಟ್ಟುತ್ತದೆ.

200 ಮಿ.ಲೀ. ಲೋಟಕ್ಕೆ ಸುಮಾರು 25 ಗ್ರಾಂ ಸಾಕು. ಕುದಿಯುವ ನೀರಿಗೆ ನೇರ ಸುರಿಯಬೇಡಿ. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರು ಸ್ವಲ್ಪ ಹಾಕಿ ಚಮಚದಲ್ಲಿ ನುಣ್ಣಗೆ ಕಲಸಿ, ಆಮೇಲೆ ತೆಳು ಮಾಡಿ. ನನ್ನ ಮೆಚ್ಚಿನದು ರಾಗಿ ಹುರಿಹಿಟ್ಟು, ಬೆಲ್ಲದ ಪುಡಿ, ಏಲಕ್ಕಿ ಜೊತೆ ಮನೆಯಲ್ಲೇ ಬೆರೆಸಿದ ಮಿಶ್ರಣ. ನೀರು ಬೆರೆಸಿದ ಹಾಲನ್ನು ಮಾತ್ರ ಮುಂದಿನ ಹೊತ್ತಿಗೆ ಉಳಿಸಬೇಡಿ, ಅದು ಮಾಮೂಲಿ ಹಾಲಿನಂತೆಯೇ ಕೆಡುತ್ತದೆ.