ಶೇ 31ಕ್ಕೆ ನಿಲ್ಲುವ ಪಾರಿಜಾತದ ಡಿವಿಡಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತಂದೆಯವರು ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಕೊರವಂಜಿಯ ವೇಷ ಹಾಕುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಜಾತ್ರೆಯಲ್ಲಿ ಅವರು ಹಾಕಿದ ಕೊನೆಯ ವೇಷದ ವಿಡಿಯೊ, ರಾತ್ರಿಯಿಡೀ ನಡೆದ ಆಟ, ಹನ್ನೊಂದು ಫೈಲ್‌ಗಳಾಗಿ ಮನೆಯ ಕಂಪ್ಯೂಟರ್‌ನಲ್ಲಿದೆ. ಮಹಾಲಿಂಗಪುರದಲ್ಲಿರುವ ಸೋದರತ್ತೆಗೆ ಡಿವಿಡಿ ಮಾಡಿ ಕೊಡಬೇಕು. ಫೋಟೊಗಳ ಡಿವಿಡಿ ಸರಿಯಾಗಿ ಆಗುತ್ತದೆ. ಈ ವಿಡಿಯೊ ಹಾಕಿದರೆ ಮಾತ್ರ ಪ್ರತಿ ಸಲವೂ ಶೇ 31–32ಕ್ಕೆ ಡಿಸ್ಕ್‌ಗೆ ಬರೆಯುವ ಬರ್ನಿಂಗ್ ಸಾಫ್ಟ್‌ವೇರ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಮೂರು ಸಲ ತೆಗೆದು ಮತ್ತೆ ಹಾಕಿದೆ, ಇನ್ನೊಂದು ಸಾಫ್ಟ್‌ವೇರನ್ನೂ ಹಾಕಿದೆ. ಐದು ಡಿಸ್ಕ್ ಹಾಳಾದವು. ಕೆಲವು ಫೈಲ್‌ಗಳ ಹೆಸರನ್ನು ಮಗಳು ಕನ್ನಡದಲ್ಲಿ ಟೈಪ್ ಮಾಡಿದ್ದಾಳೆ. ನಮ್ಮದು ಪವರ್‌ಲೂಮ್‌ಗಳ ಊರು, ವೋಲ್ಟೇಜ್ ಏರಿಳಿತ ಕಾರಣವೇ? ಅಂಗಡಿಯವರು ಡ್ರೈವ್ ಬದಲಿಸಿ ವಿಂಡೋಸ್ 7 ಫಾರ್ಮ್ಯಾಟ್ ಮಾಡಿಸಿ ಎನ್ನುತ್ತಾರೆ.
– ಬನಹಟ್ಟಿಯ ಓದುಗರು

ಉತ್ತರ: ಫಾರ್ಮ್ಯಾಟ್ ಮಾಡಿಸಬೇಡಿ. ಡ್ರೈವನ್ನೂ ಬದಲಿಸಬೇಡಿ. ಫೋಟೊಗಳ ಡಿವಿಡಿ ಅದೇ ಡ್ರೈವ್‌ನಲ್ಲಿ ಬರ್ನ್ ಆಗುತ್ತಿದೆ ಎಂದರೆ ಅದರ ಲೇಸರ್ ಸರಿಯಾಗಿಯೇ ಇದೆ. ವೋಲ್ಟೇಜ್ ಕಾರಣವಾಗಿದ್ದರೆ ಇಡೀ ಕಂಪ್ಯೂಟರ್ ಆಫ್ ಆಗುತ್ತಿತ್ತು, ಇಲ್ಲವೇ ರೀಸ್ಟಾರ್ಟ್ ಆಗುತ್ತಿತ್ತು. ಒಂದೇ ಸಾಫ್ಟ್‌ವೇರ್ ಮುಚ್ಚಿಕೊಂಡು ಉಳಿದದ್ದೆಲ್ಲ ನೆಟ್ಟಗೆ ಇರುತ್ತಿರಲಿಲ್ಲ.

ಇನ್ನೇನು ಮಾಡುವುದಕ್ಕೂ ಮೊದಲು ಆ ಹನ್ನೊಂದು ಫೈಲ್‌ಗಳನ್ನು ಬೇರೊಂದು ಹಾರ್ಡ್ ಡಿಸ್ಕ್‌ಗೋ ಪೆನ್‌ಡ್ರೈವ್‌ಗೋ ನಕಲು ಮಾಡಿ. ಇದನ್ನು ಇಂದೇ ಮಾಡಿ. ಡೆಸ್ಕ್‌ಟಾಪ್ ಮೇಲಿಟ್ಟ ಫೈಲ್ ಸಿ ಡ್ರೈವ್‌ನಲ್ಲೇ ಇರುತ್ತದೆ, ಫಾರ್ಮ್ಯಾಟ್ ಮಾಡಿದರೆ ಅದೂ ಹೋಗುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಹಾಗೆ ಮಗಳ ಮದುವೆಯ ವಿಡಿಯೊ ಕಳೆದುಕೊಂಡ ತಾಯಿಯೊಬ್ಬರು ಬೆಳಗಾವಿಯಲ್ಲಿ ನನ್ನೆದುರು ಕುಳಿತು ಅತ್ತದ್ದು ಇನ್ನೂ ಕಣ್ಣ ಮುಂದಿದೆ. ಪೆನ್‌ಡ್ರೈವ್‌ನಲ್ಲಿ ಜಾಗವಿದ್ದೂ ದೊಡ್ಡ ಫೈಲ್ ನಕಲಾಗದಿದ್ದರೆ ಗಾಬರಿಯಾಗಬೇಡಿ. ಫ್ಯಾಟ್32 ರೀತಿಯಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವ್ 4 ಜಿಬಿ ಮೀರಿದ ಒಂಟಿ ಫೈಲನ್ನು ಹಿಡಿಯುವುದಿಲ್ಲ.

ಈಗ ‘ಹಾಳಾದ’ ಐದು ಡಿಸ್ಕ್‌ಗಳನ್ನು ಹೊರಗೆ ತೆಗೆಯಿರಿ. ಒಂದೊಂದನ್ನೂ ಬೋರಲಾಗಿ ಹಿಡಿದು, ಟ್ಯೂಬ್‌ಲೈಟ್ ಕೆಳಗೆ ಸ್ವಲ್ಪ ಓರೆ ಮಾಡಿ ನೋಡಿ. ಬರ್ನ್ ಆಗುವುದು ಒಳಗಿನ ತೂತಿನ ಕಡೆಯಿಂದ ಹೊರಗೆ. ಬರೆದ ಭಾಗ ಬೇರೆ ಛಾಯೆಯ ಉಂಗುರದಂತೆ ಕಾಣುತ್ತದೆ, ಅದರಾಚೆಗೆ ಬರೆಯದ ಭಾಗ ಒಂದೇ ಬಣ್ಣದಲ್ಲಿರುತ್ತದೆ. ನಿಮ್ಮ ಡಿಸ್ಕ್‌ಗಳಲ್ಲಿ ಆ ಉಂಗುರ ಇರಲಾರದು ಎಂದು ನನ್ನ ಊಹೆ. ಉಂಗುರವಿಲ್ಲದಿದ್ದರೆ ಅವು ಖಾಲಿ ಡಿಸ್ಕ್‌ಗಳೇ, ಬಳಸಬಹುದು.

ಹಾಗೇಕೆ ಎಂದರೆ, ಫೋಟೊಗಳನ್ನು ಡಿಸ್ಕ್‌ಗೆ ಇದ್ದಂತೆಯೇ ಬರೆಯಲಾಗುತ್ತದೆ. ಆದರೆ ಮನೆಯ ಡಿವಿಡಿ ಪ್ಲೇಯರ್‌ನಲ್ಲಿ ಓಡುವ ವಿಡಿಯೊ ಡಿವಿಡಿಗೆ ಪ್ರತಿ ಫೈಲನ್ನೂ ಮೊದಲು ಎಂಪೆಗ್-2 ಎಂಬ ವಿಡಿಯೊ ರೂಪಕ್ಕೆ ಪರಿವರ್ತಿಸಬೇಕು. ಆ ಕೆಲಸ ನಡೆಯುವುದು ಹಾರ್ಡ್ ಡಿಸ್ಕ್‌ನ ತಾತ್ಕಾಲಿಕ ಫೋಲ್ಡರ್‌ನಲ್ಲಿ. ಅದು ಮುಗಿಯುವ ತನಕ ಲೇಸರ್ ಬರೆಯಲು ತೊಡಗುವುದೇ ಇಲ್ಲ. ನಿಮ್ಮ ಸಾಫ್ಟ್‌ವೇರ್ ಬೀಳುತ್ತಿರುವುದು ಈ ಹಂತದಲ್ಲಿ.

ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ‘ಪ್ರತಿ ಸಲವೂ ಶೇ 31–32’ ಎಂಬ ಮಾತು. ಒಮ್ಮೆ 12ಕ್ಕೆ, ಒಮ್ಮೆ 70ಕ್ಕೆ ನಿಲ್ಲುತ್ತಿದ್ದರೆ ರ‍್ಯಾಮ್ ಅಥವಾ ಬಿಸಿಯ ಮೇಲೆ ಅನುಮಾನ ಪಡುತ್ತಿದ್ದೆ. ಅದೇ ಜಾಗದಲ್ಲಿ ನಿಲ್ಲುವುದಾದರೆ ಆ ಜಾಗದಲ್ಲೇ ಏನೋ ಇದೆ. ಫೈಲ್‌ಗಳು ಹೆಚ್ಚುಕಡಿಮೆ ಒಂದೇ ಉದ್ದ ಎಂದುಕೊಂಡರೆ, ಹನ್ನೊಂದರಲ್ಲಿ ಮೂರು ಮುಗಿದಾಗ ಶೇ 27, ನಾಲ್ಕು ಮುಗಿದಾಗ ಶೇ 36. ಅಂದರೆ ನಾಲ್ಕನೆಯ ಫೈಲ್‌ನಲ್ಲೇ ಎಡವುತ್ತಿದೆ. ಸಿ ಡ್ರೈವ್‌ನಲ್ಲಿ ಜಾಗ ತೀರಿದರೂ ಹೀಗಾಗಬಹುದು, ಅದನ್ನೂ ನೋಡಿಕೊಳ್ಳಿ. ಡಿವಿಡಿ ಮಾಡಲು ಕನಿಷ್ಠ 10 ಜಿಬಿ ಖಾಲಿ ಇರಲಿ. ಆದರೆ ಜಾಗವೇ ಕಾರಣವಾಗಿದ್ದರೆ, ಸೋತ ಪ್ರತಿ ಪ್ರಯತ್ನವೂ ಅರ್ಧಂಬರ್ಧ ಫೈಲ್‌ಗಳನ್ನು ಬಿಟ್ಟುಹೋಗಿ, ನಿಲ್ಲುವ ಅಂಕಿ ಸಲಸಲಕ್ಕೆ ಕೆಳಗೆ ಬರುತ್ತಿತ್ತು. ಆದ್ದರಿಂದ ನನ್ನ ಕಣ್ಣು ನಾಲ್ಕನೆಯ ಫೈಲ್ ಮೇಲೆಯೇ.

ಸಾಫ್ಟ್‌ವೇರ್‌ನ ಪಟ್ಟಿಯಲ್ಲಿ ನಾಲ್ಕನೆಯದು ಯಾವುದು ಎಂದು ನೋಡಿ. ಅದರ ಹೆಸರು ಕನ್ನಡದಲ್ಲಿದೆಯೇ? ಇದ್ದರೆ ಕಳ್ಳ ಅಲ್ಲೇ ಸಿಕ್ಕಂತೆ. ಹಳೆಯ ಬರ್ನಿಂಗ್ ಸಾಫ್ಟ್‌ವೇರ್‌ಗಳಲ್ಲಿ ಹಲವು ಯೂನಿಕೋಡ್ (ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ವ್ಯವಸ್ಥೆ) ಅರಿಯವು. ಇಂಗ್ಲಿಷ್, ರಷ್ಯನ್, ಅರೇಬಿಕ್ ಲಿಪಿಗಳಿಗೆ ವಿಂಡೋಸ್‌ನಲ್ಲಿ ಹಳೆಯ ಕೋಡ್‌ಪೇಜ್‌ಗಳಿವೆ, ಅಂದರೆ ಅಕ್ಷರ ಸಂಕೇತಗಳ ಪಟ್ಟಿಗಳು. ಕನ್ನಡಕ್ಕೆ ಇಂಥ ಸಾಫ್ಟ್‌ವೇರ್‌ಗಳು ಬಳಸುವ ಕೋಡ್‌ಪೇಜ್ ಇಲ್ಲ, ಯೂನಿಕೋಡ್ ಒಂದೇ ದಾರಿ. ಅದನ್ನು ಅರಿಯದ ಸಾಫ್ಟ್‌ವೇರ್‌ಗೆ ‘ಕೊರವಂಜಿ’ ಎಂಬ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ವಿಂಡೋಸ್‌ನಲ್ಲಿ ಫೈಲ್ ಹೆಸರಿಗೆ ಆ ಚಿಹ್ನೆ ನಿಷಿದ್ಧ. ಇಲ್ಲದ ಫೈಲನ್ನು ಹುಡುಕಿ ಸಾಫ್ಟ್‌ವೇರ್ ಕುಸಿಯುತ್ತದೆ. ಮಗಳು ಕನ್ನಡದಲ್ಲಿ ಹೆಸರಿಟ್ಟದ್ದು ತಪ್ಪಲ್ಲ, ನನಗೆ ಅದು ಸಂತೋಷದ ಸಂಗತಿ, ತಪ್ಪು ಸಾಫ್ಟ್‌ವೇರಿನದು. ಮೂಲ ಫೈಲ್‌ಗಳ ಹೆಸರು ಹಾಗೆಯೇ ಇರಲಿ. ಸಿ ಡ್ರೈವ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಚಿಕ್ಕ ಹೆಸರಿನ ಒಂದು ಫೋಲ್ಡರ್ ಮಾಡಿ, ಅಲ್ಲಿಗೆ ನಕಲು ಮಾಡಿದವಕ್ಕೆ ಇಂಗ್ಲಿಷ್ ಅಂಕಿಗಳಲ್ಲಿ 01ರಿಂದ 11ರವರೆಗೆ ಹೆಸರು ಕೊಡಿ.

ವಿಂಡೋಸ್‌ನ ಬಳಕೆದಾರ ಖಾತೆಯ ಹೆಸರೂ ಕನ್ನಡದಲ್ಲಿದ್ದರೆ ತಾತ್ಕಾಲಿಕ ಫೋಲ್ಡರ್‌ನ ದಾರಿಯೇ ಕೆಡುತ್ತದೆ. ಆದರೆ ಆಗ ಸಾಫ್ಟ್‌ವೇರ್ ಆರಂಭದಲ್ಲೇ ಬೀಳುತ್ತದೆ, ನಿಮ್ಮ ಹಾಗೆ ಮೂರು ಫೈಲ್ ದಾಟುವುದಿಲ್ಲ.

ನಾಲ್ಕನೆಯದರ ಹೆಸರು ಇಂಗ್ಲಿಷ್‌ನಲ್ಲೇ ಇದ್ದರೆ ಅದನ್ನು ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆದು ಕೊನೆಯವರೆಗೆ ನೋಡಿ. ಎಲ್ಲೋ ಒಂದು ಕಡೆ ಚಿತ್ರ ಚೌಕ ಚೌಕವಾಗಿ ಒಡೆದು, ಹಾಡು ತಡವರಿಸಿದರೆ ಫೈಲ್ ಅಲ್ಲಿ ಕೆಟ್ಟಿದೆ. ವಿಎಲ್‌ಸಿ ಅದನ್ನು ಹಾರಿ ಮುಂದೆ ಹೋಗುತ್ತದೆ, ಪರಿವರ್ತಿಸುವ ಸಾಫ್ಟ್‌ವೇರ್ ಅಲ್ಲೇ ಬೀಳುತ್ತದೆ. ಮೂಲ ಟೇಪ್ ಅಥವಾ ಮೆಮೊರಿ ಕಾರ್ಡ್ ಇದ್ದರೆ ಆ ಒಂದು ಫೈಲನ್ನು ಮತ್ತೆ ಇಳಿಸಿಕೊಳ್ಳಿ. ಅದನ್ನು ಬಿಟ್ಟು ಉಳಿದ ಹತ್ತನ್ನು ಹಾಕಿ ನೋಡಿದರೆ ಅನುಮಾನ ನಿಜವೋ ಸುಳ್ಳೋ ಅರ್ಧ ದಿನದಲ್ಲಿ ಗೊತ್ತಾಗುತ್ತದೆ.

ಎರಡೂ ಅಲ್ಲದಿದ್ದರೆ ವಿಂಡೋಸನ್ನೇ ಕೇಳಿ. ಸ್ಟಾರ್ಟ್ ಮೆನುವಿನಲ್ಲಿ ‘ಇವೆಂಟ್ ವ್ಯೂವರ್’ ತೆರೆದು, ವಿಂಡೋಸ್ ಲಾಗ್ಸ್, ಅದರಲ್ಲಿ ಅಪ್ಲಿಕೇಶನ್ ಒತ್ತಿ. ಸಾಫ್ಟ್‌ವೇರ್ ಬಿದ್ದ ಸಮಯದಲ್ಲಿ ಕೆಂಪು ಗುರುತಿನ 1000 ಸಂಖ್ಯೆಯ ದಾಖಲೆ ಇರುತ್ತದೆ. ಅದರಲ್ಲಿ ‘ಫಾಲ್ಟಿಂಗ್ ಮಾಡ್ಯೂಲ್’ ಎಂಬ ಸಾಲನ್ನು ಓದಿ. ಅಲ್ಲಿ ಕೋಡೆಕ್‌ನ (ವಿಡಿಯೊ, ಧ್ವನಿಯನ್ನು ಬಿಡಿಸಿ ಓದುವ ಸಾಫ್ಟ್‌ವೇರ್‌ನ) ಹೆಸರೋ ‘ಡಾಟ್ ಎಎಕ್ಸ್’ ಎಂದು ಮುಗಿಯುವ ಹೆಸರೋ ಇದ್ದರೆ, ಹಿಂದೆಂದೋ ಹಾಕಿದ ಕೋಡೆಕ್ ಪ್ಯಾಕ್ ಕಾರಣ, ಅದನ್ನು ತೆಗೆಯಿರಿ. ವಿಂಡೋಸ್‌ನದೇ ಫೈಲ್ ಆದ ‘ಎನ್‌ಟಿಡಿಎಲ್‌ಎಲ್’ ಎಂದಿದ್ದರೆ ವಿಂಡೋಸೇ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಅದು ಬಿದ್ದ ಜಾಗದ ಹೆಸರು, ತಳ್ಳಿದವರದಲ್ಲ.

ಎರಡು ಬರ್ನಿಂಗ್ ಸಾಫ್ಟ್‌ವೇರ್ ಒಟ್ಟಿಗೆ ಇಡಬೇಡಿ. ಎರಡನ್ನೂ ತೆಗೆದು, ರೀಸ್ಟಾರ್ಟ್ ಮಾಡಿ, ಒಂದನ್ನೇ ಹಾಕಿ. ತೆಗೆದ ಮೇಲೆ ಡಿವಿಡಿ ಡ್ರೈವ್ ಮಾಯವಾಗಿ, ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನ ಜೊತೆ 19 ಅಥವಾ 39ರ ಕೋಡ್ ಕಂಡರೆ ಡ್ರೈವ್ ಸತ್ತಿಲ್ಲ. ಹಳೆಯ ಸಾಫ್ಟ್‌ವೇರ್ ವಿಂಡೋಸ್‌ನ ಸೆಟ್ಟಿಂಗ್‌ಗಳ ಖಜಾನೆಯಾದ ರಿಜಿಸ್ಟ್ರಿಯಲ್ಲಿ ‘ಅಪ್ಪರ್ ಫಿಲ್ಟರ್ಸ್’, ‘ಲೋಯರ್ ಫಿಲ್ಟರ್ಸ್’ ಎಂಬ ನಮೂದುಗಳನ್ನು ಬಿಟ್ಟುಹೋಗಿರುತ್ತದೆ. ತಿಳಿದವರಿಂದ ಅವನ್ನು ತೆಗೆಸಿದರೆ ಡ್ರೈವ್ ಮರಳುತ್ತದೆ.

ಇನ್ನೊಂದು ಮುಖ್ಯ ಮಾತು. ರಾತ್ರಿಯಿಡೀ ನಡೆದ ಆಟವನ್ನು ಒಂದೇ ಡಿಸ್ಕ್‌ಗೆ ತುಂಬಬೇಡಿ. 4.7 ಜಿಬಿ ಎಂದು ಬರೆದ ಡಿಸ್ಕನ್ನು ವಿಂಡೋಸ್ ಸುಮಾರು 4.38 ಜಿಬಿ ಎಂದು ತೋರಿಸುತ್ತದೆ, ಅದರಲ್ಲಿ ನೋಡುವಂಥ ಗುಣಮಟ್ಟದಲ್ಲಿ ಹಿಡಿಯುವುದು ಎರಡು ಗಂಟೆಯ ವಿಡಿಯೊ. ಎಲ್ಲವನ್ನೂ ಹಿಂಡಿದರೆ ತಂದೆಯವರ ಮುಖದ ಬಣ್ಣವೂ ಕಣ್ಣಿನ ಆಟವೂ ಮಸುಕಾಗುತ್ತವೆ. ಮೂರೋ ನಾಲ್ಕೋ ಡಿಸ್ಕ್ ಮಾಡಿ, ಕೊರವಂಜಿಯ ಪ್ರಸಂಗ ಪೂರ್ತಿ ಒಂದರಲ್ಲೇ ಬರುವಂತೆ ನೋಡಿಕೊಳ್ಳಿ. ಸಾಫ್ಟ್‌ವೇರ್‌ಗೆ ನೇರವಾಗಿ ಡಿಸ್ಕ್ ಬರೆಯಲು ಹೇಳದೆ, ಹಾರ್ಡ್ ಡಿಸ್ಕ್‌ನಲ್ಲಿ ಐಎಸ್‌ಒ ಫೈಲ್ (ಇಡೀ ಡಿಸ್ಕ್‌ನ ಪಡಿಯಚ್ಚು) ಮಾಡಲು ಹೇಳಿ. ಅದನ್ನು ವಿಎಲ್‌ಸಿಯಲ್ಲಿ ಓಡಿಸಿ, ಧ್ವನಿ ಚಿತ್ರ ಎರಡೂ ಸರಿಯಿದ್ದರೆ ಮಾತ್ರ ಬರ್ನ್ ಮಾಡಿ. ವಿಂಡೋಸ್ 7ರಲ್ಲಿ ಐಎಸ್‌ಒ ಬರ್ನ್ ಮಾಡುವ ಸೌಲಭ್ಯ ಮೊದಲೇ ಇದೆ, ಇಮ್ಗ್‌ಬರ್ನ್ ಎಂಬ ಬರ್ನಿಂಗ್ ಸಾಫ್ಟ್‌ವೇರ್ ಇದ್ದರೆ ವೇಗವನ್ನೂ ಆರಿಸಬಹುದು. 8ಎಕ್ಸ್ ವೇಗ ಸಾಕು, 16ಕ್ಕೆ ಹೋಗಬೇಡಿ. ‘ಫೈನಲೈಸ್’ (ಬರೆದು ಮುಗಿದ ಡಿಸ್ಕ್ ಅನ್ನು ಮುಚ್ಚುವ) ಆಯ್ಕೆ ಇದ್ದರೆ ಗುರುತು ಹಾಕಿ. ಇಲ್ಲದಿದ್ದರೆ ನಿಮ್ಮ ಕಂಪ್ಯೂಟರ್‌ನಲ್ಲಿ ಓಡುವ ಡಿಸ್ಕ್ ಅತ್ತೆಯವರ ಪ್ಲೇಯರ್‌ನಲ್ಲಿ ಓಡದಿರಬಹುದು.

ಪ್ರಶ್ನೆ: ಖಾಲಿ ಡಿವಿಡಿ ಹಾಕಿ ಬರ್ನ್ ಒತ್ತಿದ ಕೂಡಲೇ ‘ಪವರ್ ಕ್ಯಾಲಿಬ್ರೇಷನ್ ಎರರ್’ ಬರುತ್ತದೆ. ಸಿಡಿ ಮಾತ್ರ ಆಗುತ್ತದೆ. ಸ್ಟೆಬಿಲೈಸರ್ ತರಬೇಕೆ?
– ಸಿಂದಗಿಯ ಓದುಗರು

ಉತ್ತರ: ಬೇಡ. ಇಲ್ಲಿ ‘ಪವರ್’ ಎಂದರೆ ಮನೆಯ ಕರೆಂಟ್ ಅಲ್ಲ, ಲೇಸರ್‌ನ ಶಕ್ತಿ. ಬರೆಯುವ ಮೊದಲು ಡ್ರೈವ್ ಡಿಸ್ಕ್‌ನ ಒಳಅಂಚಿನಲ್ಲಿ ಲೇಸರನ್ನು ಪರೀಕ್ಷಿಸಿಕೊಳ್ಳುತ್ತದೆ. ಆ ಪರೀಕ್ಷೆ ಸೋತಾಗ ಈ ಸಂದೇಶ ಬರುತ್ತದೆ. ಸಿಡಿಗೆ 780 ನ್ಯಾನೊಮೀಟರ್‌ನ ಲೇಸರ್, ಡಿವಿಡಿಗೆ 650ರದು, ಎರಡೂ ಬೇರೆ. ಹಾಗಾಗಿ ಸಿಡಿ ಆಗುತ್ತದೆ ಎಂಬುದರಿಂದ ಡಿವಿಡಿ ಲೇಸರ್ ಚೆನ್ನಾಗಿದೆ ಎನ್ನಲಾಗದು. ಮೊದಲು ಬೇರೆ ಕಂಪನಿಯ ಒಂದು ಡಿಸ್ಕ್ ತಂದು 4ಎಕ್ಸ್ ವೇಗದಲ್ಲಿ ಪ್ರಯತ್ನಿಸಿ. ಆಗದಿದ್ದರೆ ಟ್ರೇ ತೆರೆದು ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿ ಧೂಳು ತೆಗೆಯಿರಿ, ಒದ್ದೆ ಬಟ್ಟೆ ಒಳಗೆ ಹಾಕಬೇಡಿ. ಆಮೇಲೂ ಅದೇ ಸಂದೇಶ ಬಂದರೆ ಲೇಸರ್ ಸವೆದಿರುವ ಸಾಧ್ಯತೆಯೇ ಹೆಚ್ಚು. ಹಳೆಯದನ್ನು ಬಿಚ್ಚಿಸಿ ರಿಪೇರಿಗೆ ಕೊಡುವ ಬದಲು ಯುಎಸ್‌ಬಿಗೆ ಸಿಕ್ಕಿಸುವ ಹೊರಗಿನ ಡಿವಿಡಿ ರೈಟರ್ ತೆಗೆದುಕೊಳ್ಳಿ.