ಸಂಪಾದಕರ ಉತ್ತರ: ಗೇಟಿನ ಬೋರ್ಡು ಓದಿದ್ದೀರಾ, ಮೇಷ್ಟ್ರೇ?

ಕೂರ್ಗಳ್ಳಿಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು, ನಮ್ಮ ಹಳೆಯ ಚಂದಾದಾರರು, ಬರೆದಿದ್ದಾರೆ: ‘ಕಾರ್ಖಾನೆಗಳ ಹೊಗೆಯ ಬಗ್ಗೆ ಬರೆದು ನಿಮ್ಮ ಪತ್ರಿಕೆ ಜನರನ್ನು ಸುಮ್ಮನೆ ಹೆದರಿಸುತ್ತಿದೆ. ರಾತ್ರಿ ಹೊತ್ತು ನಮ್ಮ ಬಡಾವಣೆಗೆ ಬಣ್ಣದ ಡಬ್ಬ ತೆರೆದಂಥ ವಾಸನೆ ಬರುವುದು ನಿಜ, ಮೊಮ್ಮಗಳು ಕೆಮ್ಮುವುದೂ ನಿಜ. ಆದರೆ ಬೆಳಿಗ್ಗೆ ಮೊಬೈಲ್ ನೋಡಿದರೆ ಮೈಸೂರಿನ ಗಾಳಿ ‘ಉತ್ತಮ’ ಎಂದು ಹಸಿರು ಬಣ್ಣದಲ್ಲೇ ಇರುತ್ತದೆ. ನನ್ನ ಮಗ ದುಡಿಯುವುದೂ ಅದೇ ಕೈಗಾರಿಕಾ ಪ್ರದೇಶದಲ್ಲಿ. ಅನ್ನ ಕೊಡುವವರತ್ತ ಬೆರಳು ತೋರಿಸುವುದು ಸರಿಯೇ? ಕಳೆದ ಸಂಚಿಕೆಯಲ್ಲಿ ಪದಬಂಧವನ್ನು ಏಕೆ ಬಿಟ್ಟಿರಿ?’

ಮೇಷ್ಟ್ರೇ, ಅನ್ನದ ಮಾತನ್ನು ಮೊದಲು ಮುಗಿಸಿಬಿಡೋಣ. ಕೈಗಾರಿಕೆ ಇಲ್ಲದಿದ್ದರೆ ವಿನಾಶ ಎಂದ ವಿಶ್ವೇಶ್ವರಯ್ಯನವರ ಸೀಮೆ ಇದು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ, 1937ರಲ್ಲಿ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ ಬಂದವು. ಪ್ರತಿ ಚುನಾವಣೆಯಲ್ಲಿ ನಮ್ಮ ಬೆರಳಿಗೆ ಹತ್ತುವ ಶಾಯಿ ಈ ಎರಡನೆಯದರದ್ದೇ. ನಿಮ್ಮ ಮಗನಂಥ ಸಾವಿರಾರು ಜನರ ಸಂಸಾರ ಇಂಥ ಕಾರ್ಖಾನೆಗಳಿಂದ ನಡೆಯುತ್ತಿದೆ. ಅದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರಿರುವುದು ನಿಮ್ಮ ಮೊಬೈಲ್‌ನ ಹಸಿರು ಬಣ್ಣದ ಮೇಲೆ. ಆ ಗಾಳಿ ಗುಣಮಟ್ಟ ಸೂಚ್ಯಂಕ ಲೆಕ್ಕಕ್ಕೆ ಹಿಡಿಯುವುದು ಎಂಟು ಮಾಲಿನ್ಯಕಾರಕಗಳನ್ನು ಮಾತ್ರ: ಎರಡು ಗಾತ್ರದ ದೂಳಿನ ಕಣಗಳು, ಸಾರಜನಕದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್, ಓಝೋನ್, ಅಮೋನಿಯಾ, ಸೀಸ. ಬಣ್ಣದ ವಾಸನೆ ಸಾಮಾನ್ಯವಾಗಿ ಟಾಲ್ವೀನ್, ಕ್ಸೈಲೀನ್ ಮೊದಲಾದ ದ್ರಾವಕಗಳದ್ದು. ಅವು ಈ ಪಟ್ಟಿಯಲ್ಲಿಲ್ಲ. ರಕ್ತದ ಕ್ಯಾನ್ಸರ್ ತರುವುದೆಂದು ಸಾಬೀತಾಗಿರುವ ಬೆಂಜೀನ್‌ಗೆ 2009ರ ರಾಷ್ಟ್ರೀಯ ಮಾನದಂಡ ಘನ ಮೀಟರಿಗೆ 5 ಮೈಕ್ರೋಗ್ರಾಂ ಎಂಬ ವಾರ್ಷಿಕ ಮಿತಿಯನ್ನು ಹಾಕಿದೆ, ಆದರೆ ಸೂಚ್ಯಂಕಕ್ಕೆ ಅದೂ ಸೇರಿಲ್ಲ. ಎಂಟು ಮಕ್ಕಳ ಹಾಜರಿ ಕೂಗಿ ಇಡೀ ಶಾಲೆ ಬಂದಿದೆ ಎಂದು ಬರೆದಿದ್ದರೆ ನೀವು ಸಹಿ ಹಾಕುತ್ತಿದ್ದಿರೇ?

ಜೊತೆಗೆ ಆ ಎಂಟರಲ್ಲಿ ಹೆಚ್ಚಿನವು ಇಪ್ಪತ್ನಾಲ್ಕು ಗಂಟೆಗಳ ಸರಾಸರಿ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗಿ, ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಕೆಳಗೆ ಬಿಟ್ಟದ್ದು ಕೆಳಗೇ ಉಳಿಯುತ್ತದೆ. ನಡುರಾತ್ರಿಯ ಎರಡು ಗಂಟೆಯ ಘಾಟು ಮಧ್ಯಾಹ್ನದ ಗಾಳಿಯೊಂದಿಗೆ ಸರಾಸರಿಯಾದಾಗ ಮೊಮ್ಮಗಳ ಕೆಮ್ಮು ಎಲ್ಲಿ ಕಾಣಬೇಕು? ಹೆಬ್ಬಾಳ ಒಂದನೇ ಹಂತದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿರುವುದು ಒಳ್ಳೆಯದೇ. ಆದರೆ ಅದು ಅಳೆಯುವುದು ತಾನು ನಿಂತಲ್ಲಿನ ಗಾಳಿಯನ್ನು, ನಿಮ್ಮ ಕಿಟಕಿಯದ್ದನ್ನಲ್ಲ. ಇನ್ನು ಸಣ್ಣ ದೂಳಿನ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ವಾರ್ಷಿಕ ಮಿತಿ 5 ಮೈಕ್ರೋಗ್ರಾಂ, ನಮ್ಮದು 40. ನಮ್ಮ ಶ್ವಾಸಕೋಶವೇನು ಎಂಟು ಪಟ್ಟು ಗಟ್ಟಿಯೇ?

ಹಾಗಾದರೆ ಮೂಗನ್ನೇ ನಂಬೋಣವೆಂದರೆ ಅದೂ ಪೂರ್ತಿ ಆಗದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ನೂರು ಭಾಗದಷ್ಟಾದರೆ ಕೆಲವೇ ನಿಮಿಷಗಳಲ್ಲಿ ಮೂಗು ಮರಗಟ್ಟುತ್ತದೆ. ವಾಸನೆ ಹೋಯಿತೆಂದು ನಿಟ್ಟುಸಿರು ಬಿಡುವ ಹೊತ್ತಿಗೆ ಅಪಾಯ ಹೆಚ್ಚಿರುತ್ತದೆ.

ಅದಕ್ಕೇ ನಾನು ಊರೂರಿಗೆ ಹೇಳಿಕೊಂಡು ಬಂದಿರುವುದು ಒಂದೇ ಮಾತು: ಗೋಡೆಯ ಒಳಗೆ ಏನಿದೆ ಎಂಬುದನ್ನು ಹೊರಗಿನವರಿಗೆ ಹೇಳಬೇಕು, ಹೆಸರು ಹಿಡಿದು ಹೇಳಬೇಕು. ಇದು ನನ್ನ ಹೊಸ ತಗಾದೆಯಲ್ಲ. 1987ರ ತಿದ್ದುಪಡಿಯಲ್ಲಿ ಕಾರ್ಖಾನೆಗಳ ಕಾಯ್ದೆಗೆ ಸೇರಿದ 41ಬಿ ಕಲಂ, ಅಪಾಯಕಾರಿ ಘಟಕಗಳು ಆರೋಗ್ಯದ ಅಪಾಯಗಳನ್ನು ಕಾರ್ಮಿಕರಿಗಷ್ಟೇ ಅಲ್ಲ, ಸುತ್ತಲಿನ ಜನರಿಗೂ ತಿಳಿಸಬೇಕೆಂದಿತು. 2003ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಳಗೆ ಬಳಸುವ ಅಪಾಯಕಾರಿ ರಾಸಾಯನಿಕ ಯಾವುದು, ಎಷ್ಟು, ಗಾಳಿಗೂ ನೀರಿಗೂ ಬಿಡುವುದೇನು ಎಂಬುದನ್ನು ಮುಖ್ಯ ಗೇಟಿನ ಹೊರಗೆ ಪ್ರದರ್ಶಿಸಬೇಕೆಂದು ನಿರ್ದೇಶಿಸಿತು.

ಅಂಥದ್ದೊಂದು ಬೋರ್ಡನ್ನು ನೋಡಲೆಂದೇ ನಾನು ಮೈಸೂರಿನ ಹೊರವಲಯದ ಒಂದು ಗೇಟಿಗೆ ಹೋಗಿದ್ದೆ. ಬೋರ್ಡು ಇತ್ತು. ಇಂಗ್ಲಿಷಿನಲ್ಲಿತ್ತು, ಎದೆಯೆತ್ತರದ ಕಣಗಿಲೆ ಗಿಡಗಳ ಹಿಂದಿತ್ತು. ‘ಪ್ರಮಾಣ’ದ ಕಾಲಂನಲ್ಲಿ ಸೀಮೆಸುಣ್ಣದ ಅಂಕಿಗಳು ಮಳೆಗೆ ಇಳಿದು ಬಿಳಿ ಗೀರುಗಳಾಗಿದ್ದವು. ಕಾವಲುಗಾರ ಬಂದು ‘ಯಾರು ಬೇಕು ಸಾರ್?’ ಎಂದ. ಬೋರ್ಡು ಓದುತ್ತಿದ್ದೇನೆ ಎಂದೆ. ‘ಅದನ್ನು ಯಾರೂ ಓದುವುದಿಲ್ಲ ಸಾರ್, ಸಾಹೇಬರು ಬಂದಾಗ ಒರೆಸುತ್ತೇವೆ’ ಎಂದ, ಪಾಪ, ಯಾವ ಕಪಟವೂ ಇಲ್ಲದೆ. ಆ ಗಾಳಿಯನ್ನು ಪಾಳಿಯ ಉದ್ದಕ್ಕೂ ಕುಡಿಯುವವನು ಅವನೇ.

ಹೆಸರು ತಿಳಿದರೆ ಏನಾಗುತ್ತದೆ ಎಂದು ನೀವು ಕೇಳಬಹುದು. 1984ರ ಡಿಸೆಂಬರ್ ಎರಡರ ರಾತ್ರಿ ಭೋಪಾಲದಲ್ಲಿ ಮೀಥೈಲ್ ಐಸೊಸಯನೇಟ್ ಸೋರಿದಾಗ, ತಾವು ಯಾವ ವಿಷಕ್ಕೆ ಚಿಕಿತ್ಸೆ ಕೊಡಬೇಕೆಂಬುದೇ ವೈದ್ಯರಿಗೆ ಗೊತ್ತಿರಲಿಲ್ಲ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ ಎಂದು ಜನರಿಗೆ ಹೇಳುವವರಿರಲಿಲ್ಲ. ಓಡಿದವರು ಏದುಸಿರಿನಲ್ಲಿ ಇನ್ನಷ್ಟು ವಿಷವನ್ನೇ ಎಳೆದುಕೊಂಡರು. ಅದೇ ಐಸೊಸಯನೇಟ್ ಕುಲದ ಬೇರೆ ಸಂಯುಕ್ತಗಳು ಇಂದಿಗೂ ಫೋಮ್ ತಯಾರಿಕೆಯಲ್ಲಿ, ವಾಹನಗಳಿಗೆ ಸಿಂಪಡಿಸುವ ಬಣ್ಣದಲ್ಲಿ ಇವೆ. ಒಮ್ಮೆ ಅವುಗಳಿಂದ ಅಸ್ತಮಾ ಅಂಟಿದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಉಬ್ಬಸ ಎಬ್ಬಿಸಬಲ್ಲದು. ಇನ್‌ಹೇಲರ್ ಬರೆದುಕೊಟ್ಟು ಅದೇ ಬಣ್ಣದ ಕೋಣೆಗೆ ಮರಳಿ ಕಳಿಸಿದರೆ ಏನು ಬಂತು? ರೋಗಿಯ ಕಸುಬೇನೆಂದು ಕೇಳಿ ಎಂದು ಇಟಲಿಯ ವೈದ್ಯ ರಾಮಜ್ಜಿನಿ ಮುನ್ನೂರು ವರ್ಷಗಳ ಹಿಂದೆಯೇ ಹೇಳಿದ್ದ. ನಮ್ಮಲ್ಲಿ ಇಂದಿಗೂ ‘ಬೀಡಿ ಸೇದುತ್ತೀಯಾ?’ ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ.

ದೊಡ್ಡ ಚಿಮಣಿಗಳನ್ನಷ್ಟೇ ಬೈಯುತ್ತೇನೆ ಎಂದುಕೊಳ್ಳಬೇಡಿ. ಮಂಡ್ಯ ಕಡೆಯ ಒಂದು ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆಯ ಜೊತೆ ಹಳೆಯ ಟೈರಿನ ತುಂಡುಗಳನ್ನು ತುರುಕುವುದನ್ನು ಕಣ್ಣಾರೆ ಕಂಡಿದ್ದೇನೆ. ಕಪ್ಪು ಹೊಗೆ ಗದ್ದೆಯ ಮೇಲೇ ಮಲಗಿತ್ತು. ಒಳಗೆ ಬೆಲ್ಲ ಬೆಳ್ಳಗಾಗಲೆಂದು ಕುದಿಯುವ ಪಾಕಕ್ಕೆ ಹೈಡ್ರೋಸ್ ಪುಡಿ ಎರಚಿದರು. ಗಂಧಕದ ಘಾಟು ಎದ್ದು, ಒಲೆಯ ಮುಂದಿದ್ದ ಹುಡುಗ ಟವೆಲ್ಲಿನಲ್ಲಿ ಮೂಗು ಮುಚ್ಚಿಕೊಂಡ. ಅಲ್ಲಿ ಗೇಟೂ ಇಲ್ಲ, ಬೋರ್ಡೂ ಇಲ್ಲ. ಬೆಳ್ಳಗಿನ ಬೆಲ್ಲವೇ ಬೇಕೆಂದು ಅಂಗಡಿಯಲ್ಲಿ ಆರಿಸುವವರು ನಾವು, ಅದನ್ನೂ ಹೇಳಬೇಕಲ್ಲ.

ಈಗ ಹೊಟ್ಟೆಯಲ್ಲಿರುವುದನ್ನೂ ಆಡಿಬಿಡುತ್ತೇನೆ. ಕೈಗಾರಿಕಾ ಪ್ರದೇಶದ ಕಾಂಪೌಂಡಿಗೆ ತಾಗಿಸಿ ನಿವೇಶನ ಮಾಡಿ, ‘ರಿಂಗ್ ರಸ್ತೆಗೆ ಹತ್ತೇ ನಿಮಿಷ’ ಎಂದು ಬಣ್ಣದ ಕರಪತ್ರ ಹಂಚಿದವರು ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ ಎಂದು ಎಲ್ಲಾದರೂ ಅಚ್ಚು ಹಾಕಿಸಿದ್ದಾರೆಯೇ? ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಮುನ್ನ ನಡೆಸುವ ಸಾರ್ವಜನಿಕ ಅಹವಾಲು ಸಭೆಗೆ ಪರಿಸರ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕೆಂದು ಕೇಂದ್ರ ಸರ್ಕಾರದ 2006ರ ಅಧಿಸೂಚನೆಯಲ್ಲೇ ಇದೆ. ನಾನು ಹೋದ ಒಂದು ಸಭೆಯಲ್ಲಿ ಶಾಮಿಯಾನ ಇತ್ತು, ಕೇಸರಿಬಾತ್ ಇತ್ತು, ಕನ್ನಡದ ಪ್ರತಿ ಮಾತ್ರ ‘ಬರುತ್ತಾ ಇದೆ’ ಎನ್ನುತ್ತಲೇ ಸಭೆ ಮುಗಿಯಿತು. ನಾವು ಪತ್ರಿಕೆಯವರೂ ‘ದುರ್ವಾಸನೆ: ಸಾರ್ವಜನಿಕರ ಆಕ್ರೋಶ’ ಎಂದು ಶೀರ್ಷಿಕೆ ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಯಾವುದರ ವಾಸನೆ ಎಂದು ಕೇಳುವ ವರದಿಗಾರನನ್ನು ಹುಡುಕಬೇಕು.

ಮೇಷ್ಟ್ರೇ, ನಲವತ್ತು ಮಕ್ಕಳ ತರಗತಿಯಲ್ಲಿ ಕೊನೆಯ ಬೆಂಚಿನವನ ಕಳ್ಳತನ ಹಿಡಿದವರು ನೀವು. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ವಾಸನೆ ಬಂದ ದಿನ, ಗಂಟೆ, ಗಾಳಿಯ ದಿಕ್ಕು, ಮೊಮ್ಮಗಳು ಕೆಮ್ಮಿದ ಹೊತ್ತು, ಇಷ್ಟನ್ನು ಬರೆಯಿರಿ. ಮಗನಿಗೆ ಹೇಳಿ, ತನ್ನ ಕೈಗೆ ಬರುವ ಡ್ರಮ್ಮಿನ ಮೇಲಿನ ಹೆಸರನ್ನು ಓದಿಕೊಂಡು ಬರಲಿ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಆ ಘಟಕಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರದ ಪ್ರತಿ ಕೇಳಿ. ಯಾವ ಚಿಮಣಿ ಎಷ್ಟು ಎತ್ತರವಿರಬೇಕು, ಏನನ್ನು ಎಷ್ಟು ಬಿಡಬಹುದು ಎಂಬ ಷರತ್ತುಗಳೆಲ್ಲ ಅದರಲ್ಲಿರುತ್ತವೆ. ಬಂದದ್ದನ್ನು ನಮಗೆ ಕಳಿಸಿದರೆ ಪೂರ್ತಿ ಅಚ್ಚು ಹಾಕುತ್ತೇನೆ.

ಪದಬಂಧವನ್ನು ಬಿಟ್ಟದ್ದು ಕೊನೆಯ ಗಳಿಗೆಯಲ್ಲಿ ಬಂದ ಒಂದು ಜಾಹೀರಾತಿಗಾಗಿ. ಅದು ಬಣ್ಣದ ಕಂಪನಿಯದ್ದು. ಈ ಸಂಚಿಕೆಯ ಮೂವತ್ತೆರಡನೇ ಪುಟದಲ್ಲಿ ಎರಡು ಪದಬಂಧಗಳಿವೆ.